ಹಾಯಿದೋಣಿಯಲ್ಲಿ ಆರು ಜನರ ಸಂಸಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಆರು ವರ್ಷಗಳಿಂದ ಪ್ರತಿ ಬೇಸಿಗೆಯಲ್ಲಿ ಎರಡು ವಾರ ನಾವು ಗೆಳೆಯರು ಹಾಯಿದೋಣಿಯೊಂದನ್ನು ಬಾಡಿಗೆಗೆ ಹಿಡಿದು, ಗ್ರೀಸಿನ ಪಶ್ಚಿಮಕ್ಕಿರುವ ಅಯೋನಿಯನ್ ದ್ವೀಪಗಳ ನಡುವೆ ಅಲೆಯುತ್ತೇವೆ. ನಾನಿರುವುದು ನೆದರ್ಲೆಂಡ್ಸಿನಲ್ಲಿ, ಹುಟ್ಟಿದ್ದು ಕುಂದಾಪುರದ ಹತ್ತಿರ. ಜೊತೆಗಾರರಲ್ಲಿ ಇಬ್ಬರು ಬೆಂಗಳೂರಿನಿಂದ ಬರುತ್ತಾರೆ, ಒಬ್ಬರು ಧಾರವಾಡದವರು, ಮಿಕ್ಕವರು ಯುರೋಪಿನಲ್ಲೇ ಕೆಲಸದಲ್ಲಿರುವವರು. ಪತ್ರ ಬರೆಯುವವರೂ ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕುಳಿತವರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಗಾಳಿ, ಅಲೆಗಳ ಬಗ್ಗೆ ಕೇಳುವವರು ಹೆಚ್ಚು. ನೀರಿನ ಟ್ಯಾಂಕಿನ ಬಗ್ಗೆ ಕೇಳುವವರು ಕಡಿಮೆ. ನನ್ನ ಅನುಭವದಲ್ಲಿ ತೊಂದರೆ ಕೊಡುವುದು ಎರಡನೆಯದೇ.

## ಹೊರಡುವ ಮೊದಲು

ರಾತ್ರಿ ದೋಣಿಯಲ್ಲೇ ಮಲಗುತ್ತೀರೋ, ದಡಕ್ಕೆ ಬಂದು ಹೋಟೆಲ್ ಹಿಡಿಯುತ್ತೀರೋ?

ದೋಣಿಯಲ್ಲೇ ಮಲಗುತ್ತೇವೆ. ನಾವು ಹಿಡಿಯುವ ದೋಣಿ ಸುಮಾರು 40 ಅಡಿ ಉದ್ದದ್ದು. ಒಳಗೆ ಮೂರು ಕ್ಯಾಬಿನ್, ಎರಡು ಶೌಚಾಲಯ, ನಡುವೆ ಒಂದು ಮೇಜು ಮತ್ತು ಬೆಂಚು, ಮೂಲೆಯಲ್ಲಿ ಅಡುಗೆಕಟ್ಟೆ ಇರುತ್ತವೆ. ಕ್ಯಾಬಿನ್ ಎಂದಾಗ ಹಡಗಿನ ಸಿನಿಮಾ ನೆನಪಿಸಿಕೊಳ್ಳಬೇಡಿ, ರೈಲಿನ ಬರ್ತ್ ನೆನಪಿಸಿಕೊಳ್ಳಿ. ಹಿಂಬದಿಯ ಕ್ಯಾಬಿನ್‌ನಲ್ಲಿ ಧಡಕ್ಕನೆ ಎದ್ದು ಕುಳಿತರೆ ಹಣೆಗೆ ಪೆಟ್ಟು ಖಚಿತ. ದಿನಕ್ಕೆ ಮೂರರಿಂದ ಐದು ಗಂಟೆ ಸಾಗುತ್ತೇವೆ. ಸಂಜೆ ಯಾವುದಾದರೂ ಕೊಲ್ಲಿಯಲ್ಲಿ ಲಂಗರು ಇಳಿಸುತ್ತೇವೆ ಅಥವಾ ಹಳ್ಳಿಯೊಂದರ ಧಕ್ಕೆಗೆ ದೋಣಿ ಕಟ್ಟುತ್ತೇವೆ. ಒಳ್ಳೆಯ ಗಾಳಿ ಸಿಕ್ಕರೆ ನಮ್ಮ ವೇಗ ಐದಾರು ನಾಟ್, ಅಂದರೆ ಗಂಟೆಗೆ 9ರಿಂದ 11 ಕಿಲೋಮೀಟರ್. ಶಾಲೆಗೆ ಹೋಗುವ ಹುಡುಗನ ಸೈಕಲ್ ನಮ್ಮನ್ನು ಹಿಂದಿಕ್ಕುತ್ತದೆ.

ನನಗೆ ಈಜು ಬರುವುದಿಲ್ಲ. ನಾನು ಬರಬಹುದೇ?

ಬರಬಹುದು. ನಮ್ಮ ಆರು ಜನರಲ್ಲಿ ಇಬ್ಬರಿಗೆ ಈಜು ಬರುವುದಿಲ್ಲ. ಅವರು ಡೆಕ್ ಮೇಲೆ ಇರುವಷ್ಟು ಹೊತ್ತೂ ಲೈಫ್ ಜಾಕೆಟ್ ತೊಟ್ಟಿರಬೇಕು, ಡಿಂಗಿಯಲ್ಲಿ, ಅಂದರೆ ದಡಕ್ಕೆ ಹೋಗಿಬರಲು ಇರುವ ಪುಟ್ಟ ದೋಣಿಯಲ್ಲಿ, ಹೋಗುವಾಗಲಂತೂ ಬಿಡುವಂತೆಯೇ ಇಲ್ಲ. ಜನ ನೀರಿಗೆ ಬೀಳುವುದು ದೊಡ್ಡ ಅಲೆಯಲ್ಲೇ ಎಂದೇನಿಲ್ಲ. ಊಟ ಮುಗಿಸಿ ಕತ್ತಲಲ್ಲಿ ಡಿಂಗಿಯಿಂದ ದೋಣಿಗೆ ಹತ್ತುವ ಆ ಒಂದು ಹೆಜ್ಜೆ ಬಹಳ ಮೋಸದ್ದು. ಈಜು ಬರುವುದಿಲ್ಲ ಎಂಬುದನ್ನು ಮುಚ್ಚಿಟ್ಟು ಬರುವವರನ್ನು ಮಾತ್ರ ನಾನು ಒಪ್ಪುವುದಿಲ್ಲ.

ದೋಣಿ ನಡೆಸಲು ಪರವಾನಗಿ ಬೇಡವೇ? ನಿಮಗೆ ಯಾರು ಕಲಿಸಿದರು?

ಬೇಕು. ಗ್ರೀಸಿನಲ್ಲಿ ಚಾಲಕರಿಲ್ಲದೆ ದೋಣಿ ಬಾಡಿಗೆಗೆ ಪಡೆಯಬೇಕಾದರೆ ಸ್ಕಿಪರ್, ಅಂದರೆ ದೋಣಿಯ ನಾಯಕ, ಆಗುವವರ ಬಳಿ ಮಾನ್ಯವಾದ ಪ್ರಮಾಣಪತ್ರ ಇರಬೇಕು, ಜೊತೆಗೆ ದೋಣಿಯ ಕೆಲಸ ಬಲ್ಲ ಇನ್ನೊಬ್ಬರೂ ಬೇಕು. ನಾನು ಕಲಿತದ್ದು ನೆದರ್ಲೆಂಡ್ಸಿನ ಐಸೆಲ್‌ಮೇರ್ ಸರೋವರದಲ್ಲಿ, ಮಳೆಯಲ್ಲಿ ನೆನೆದು ನಡುಗುತ್ತಾ. ಕಡಲ ಪಕ್ಕ ಬೆಳೆದಿದ್ದರೂ ಅಲ್ಲಿಯವರೆಗೆ ಹಾಯಿಯ ಹಗ್ಗ ಮುಟ್ಟಿದವನಲ್ಲ. ಬೆಂಗಳೂರಿನವರು ನನಗಿಂತ ಹೆಚ್ಚು ಹಾಯಿ ಕಂಡಿರುತ್ತಾರೆ: ಹಲಸೂರು ಕೆರೆಯಲ್ಲಿ ಸೇನೆಯ ಎಂಜಿನಿಯರುಗಳು ಹಾಯಿದೋಣಿ ನಡೆಸುತ್ತಾರೆ. ಭಾರತೀಯ ಸೇನೆಯ ಎಂಜಿನಿಯರ್ಸ್ ದಳದವರೇ 1985ರಿಂದ 1987ರ ನಡುವೆ ‘ತೃಷ್ಣಾ’ ಎಂಬ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತಿ ಬಂದರು.

ಯಾರ ಬಳಿಯೂ ಪ್ರಮಾಣಪತ್ರ ಇಲ್ಲದಿದ್ದರೆ ಸಂಬಳದ ಸ್ಕಿಪರ್ ಸಿಗುತ್ತಾರೆ. ಅವರಿಗೆ ಒಂದು ಹಾಸಿಗೆ ಮತ್ತು ಮೂರು ಹೊತ್ತಿನ ಊಟದ ಲೆಕ್ಕವನ್ನೂ ಇಟ್ಟುಕೊಳ್ಳಿ.

ಅಷ್ಟು ದೂರ ಏಕೆ? ನಮ್ಮ ಕಡಲು ಸಾಲದೇ ಮಾರಾಯರೇ?

ಊರಿಗೆ ಹೋದಾಗಲೆಲ್ಲ ಕೇಳುವ ಮಾತು ಇದು. ನಮ್ಮ ಕರಾವಳಿ ಬಯಲು ಕರಾವಳಿ. ಸಂಜೆಗೆ ಒಳಸರಿಯೋಣ ಎಂದರೆ ಆಸರೆಯ ಕೊಲ್ಲಿಗಳು ಕಡಿಮೆ, ಅಳಿವೆಗಳ ಬಾಯಲ್ಲಿ ಮರಳ ದಿಬ್ಬ. ಗಂಗೊಳ್ಳಿಯ ಮೀನುಗಾರರನ್ನು ಕೇಳಿದರೆ ಆ ದಿಬ್ಬದ ಕತೆಯನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ. ನಮ್ಮ ದೋಣಿಯ ಕೀಲ್, ಅಂದರೆ ತಳದಲ್ಲಿರುವ ಭಾರದ ರೆಕ್ಕೆ, ನೀರಿನಡಿ ಸುಮಾರು ಎರಡು ಮೀಟರ್ ಇಳಿದಿರುತ್ತದೆ, ಅದಕ್ಕೆ ಮರಳು ಎಂದರೆ ಆಗದು. ಮಳೆಗಾಲದ ಮಾತಂತೂ ಎತ್ತುವುದೇ ಬೇಡ.

ಅಯೋನಿಯನ್ ಕಡಲಿನಲ್ಲಿ ಲೆಫ್ಕಾಡ, ಮೆಗನೀಸಿ, ಇಥಾಕ, ಕೆಫಲೋನಿಯ ಎಲ್ಲವೂ ಒಂದಕ್ಕೊಂದು ಕಣ್ಣಳತೆಯಲ್ಲಿವೆ. ಉಬ್ಬರ ಇಳಿತ ಇಲ್ಲವೆನ್ನುವಷ್ಟು ಕಡಿಮೆ. ಬೇಸಿಗೆಯ ಗಾಳಿಗೆ ಕಚೇರಿಯ ನೌಕರನಂತೆ ವೇಳಾಪಟ್ಟಿ ಇದೆ: ಬೆಳಗ್ಗೆ ಕಡಲು ಎಣ್ಣೆ ಸವರಿದ ಹಾಗೆ, ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ವಾಯವ್ಯದಿಂದ ‘ಮಾಯಿಸ್ಟ್ರೊ’ ಶುರು, ಸೂರ್ಯ ಮುಳುಗುತ್ತಲೇ ಮತ್ತೆ ಮೌನ. ಆಚೆ ಏಜಿಯನ್ ಕಡಲಿನ ‘ಮೆಲ್ಟೆಮಿ’ ಹಾಗಲ್ಲ, ದಿನಗಟ್ಟಲೆ ಹಗಲೂ ರಾತ್ರಿ ಬೀಸುತ್ತದೆ. ಹೊಸಬರನ್ನು ಅಲ್ಲಿಗೆ ಕರೆದೊಯ್ಯುವುದು ಗೆಳೆತನಕ್ಕೆ ಒಳ್ಳೆಯದಲ್ಲ.

ಏನೇನು ತರಬೇಕು?

ಏನು ತರಬಾರದು ಎಂದು ಮೊದಲು ಹೇಳುತ್ತೇನೆ: ಗಾಲಿಯ ಸೂಟ್‌ಕೇಸ್. ಅದನ್ನು ಇಡಲು ದೋಣಿಯಲ್ಲಿ ಜಾಗವೇ ಇಲ್ಲ. ಒಬ್ಬರು ತಂದರು, ಎರಡು ವಾರವೂ ಅದರ ಪಕ್ಕದಲ್ಲೇ ಮುದುಡಿ ಮಲಗಿದರು. ಮಡಚಿ ತುರುಕಬಹುದಾದ ಬಟ್ಟೆಯ ಚೀಲ ತನ್ನಿ. ಅಂಗಿ ನಾಲ್ಕು ಸಾಕು, ಟೋಪಿಗೆ ಕಟ್ಟುವ ದಾರ ಬೇಕು, ಸಂಜೆಗೆ ಒಂದು ಸ್ವೆಟರ್, ಕಪ್ಪು ಗುರುತು ಬೀಳಿಸದ ಅಟ್ಟೆಯ ಶೂ. ಬರಿಗಾಲಲ್ಲಿ ಓಡಾಡಿದರೆ ಡೆಕ್ ಮೇಲಿನ ಲೋಹದ ಗೂಟಗಳು ಒಂದೊಂದಾಗಿ ನಿಮ್ಮ ಕಿರುಬೆರಳಿನ ಪರಿಚಯ ಮಾಡಿಕೊಳ್ಳುತ್ತವೆ.

ಭಾರತದಿಂದ ಬರುವವರಿಗೆ ಒಂದು ಮಾತು: ಹಾಲಿನ ಉತ್ಪನ್ನಗಳನ್ನು ಯುರೋಪಿಯನ್ ಒಕ್ಕೂಟದೊಳಗೆ ಪ್ರಯಾಣಿಕರು ತರುವಂತಿಲ್ಲ. ಅಮ್ಮ ಕಟ್ಟಿಕೊಟ್ಟ ತುಪ್ಪ, ಪೇಡಾ ವಿಮಾನ ನಿಲ್ದಾಣದಲ್ಲೇ ಉಳಿಯುತ್ತವೆ.

## ಮೊದಲ ಮೂರು ದಿನ

ವಾಂತಿ ಆಗುತ್ತದಲ್ಲವೇ?

ಕೆಲವರಿಗೆ ಆಗುತ್ತದೆ, ಅದಕ್ಕೂ ಗಟ್ಟಿತನಕ್ಕೂ ಸಂಬಂಧವಿಲ್ಲ. ನಮ್ಮಲ್ಲಿ ಅತಿ ಗಟ್ಟಿಮುಟ್ಟಾದ ಮನುಷ್ಯನೇ ಮೊದಲು ಬಕೆಟ್ ಹಿಡಿಯುವವನು. ದೇಹ ಕುಲುಕುತ್ತಿದೆ ಎಂದು ಒಳಗಿವಿ ಹೇಳುತ್ತದೆ, ಏನೂ ಅಲುಗುತ್ತಿಲ್ಲ ಎಂದು ಕ್ಯಾಬಿನ್ನಿನ ಗೋಡೆ ನೋಡುವ ಕಣ್ಣು ಹೇಳುತ್ತದೆ. ಈ ಜಗಳವೇ ಕಾಯಿಲೆ. ಆದ್ದರಿಂದ ಮೊದಲೆರಡು ದಿನ ಸಾಗುವಾಗ ಒಳಗೆ ಇಳಿಯಬೇಡಿ, ಮೊಬೈಲ್ ನೋಡಬೇಡಿ, ದೂರದ ದಿಗಂತ ನೋಡಿ. ಮುಖ ಬಿಳಿಚಿಕೊಂಡವರ ಕೈಗೆ ನಾನು ಚುಕ್ಕಾಣಿ ಕೊಟ್ಟುಬಿಡುತ್ತೇನೆ, ಅರ್ಧ ಗಂಟೆಯಲ್ಲಿ ಬಣ್ಣ ಬರುತ್ತದೆ. ಮಾತ್ರೆ ನುಂಗುವವರು ಹೊರಡುವ ಮೊದಲೇ ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಹಲವು ಮಾತ್ರೆಗಳು ನಿದ್ದೆ ತರಿಸುತ್ತವೆ, ವೈದ್ಯರನ್ನು ಕೇಳಿ ಮನೆಯಲ್ಲೇ ಒಮ್ಮೆ ಪರೀಕ್ಷಿಸಿ ನೋಡಿ. ಒಣ ಶುಂಠಿ ಕೆಲವರಿಗೆ ಸಾಕಾಗುತ್ತದೆ. ಖಾಲಿ ಹೊಟ್ಟೆ ಯಾರಿಗೂ ಒಳ್ಳೆಯದಲ್ಲ.

ಸಾಮಾನ್ಯವಾಗಿ ಮೂರನೆಯ ದಿನಕ್ಕೆ ದೇಹ ಒಗ್ಗಿಕೊಳ್ಳುತ್ತದೆ. ಆಮೇಲೆ ದಡದ ಹೋಟೆಲಿನಲ್ಲಿ ಕುಳಿತಾಗ ಮೇಜು ತೂಗತೊಡಗುತ್ತದೆ. ಅದಕ್ಕೆ ಮಾತ್ರೆ ಬೇಡ.

ರಾತ್ರಿ ನಿದ್ದೆ ಬರುತ್ತದೆಯೇ?

ಮೊದಲ ರಾತ್ರಿ ಬರುವುದಿಲ್ಲ. ತಲೆಯಡಿಯಿಂದ ನೀರಿನ ಗುಳುಗುಳು, ಲಂಗರಿನ ಸರಪಳಿ ಕಲ್ಲಿಗೆ ಉಜ್ಜುವ ಸದ್ದು, ಕೂವೆಮರಕ್ಕೆ ಹಗ್ಗವೊಂದು ಟಕ್ ಟಕ್ ಬಡಿಯುವ ಸದ್ದು. ಆ ಕೊನೆಯದಕ್ಕೆ ಮದ್ದಿದೆ: ಎದ್ದು ಹೋಗಿ ಹಗ್ಗವನ್ನು ಪಕ್ಕಕ್ಕೆಳೆದು ಕಟ್ಟಿ. ಪಕ್ಕದ ದೋಣಿಯವರೂ ನಿಮ್ಮನ್ನು ಹರಸುತ್ತಾರೆ. ಜುಲೈ, ಆಗಸ್ಟಿನ ಸೆಕೆಗೆ ನಾವು ಒಬ್ಬಿಬ್ಬರು ಮೇಲೆ, ಚುಕ್ಕಾಣಿ ಇರುವ ತೆರೆದ ಜಾಗವಾದ ಕಾಕ್‌ಪಿಟ್ಟಿನ ಬೆಂಚಿನ ಮೇಲೇ ಮಲಗುತ್ತೇವೆ. ಬೆಳಗಿನ ಜಾವದ ಇಬ್ಬನಿಗೆ ಹೊದಿಕೆ ಒದ್ದೆಯಾಗುತ್ತದೆ, ಆದರೂ ಆ ಜಾಗಕ್ಕೆ ಪೈಪೋಟಿ ಇದೆ.

ಶೌಚಾಲಯದ ವ್ಯವಸ್ಥೆ ಹೇಗೆ? ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ.

ನಾಚಿಕೆ ಬಿಟ್ಟು ಕೇಳಿದ್ದೇ ಒಳ್ಳೆಯದಾಯಿತು, ಇಡೀ ಯಾತ್ರೆ ನಿಂತಿರುವುದು ಇದರ ಮೇಲೆ. ಬಚ್ಚಲಿನಷ್ಟೇ ದೊಡ್ಡ ಕೋಣೆ, ಕೈಪಂಪು ಇರುವ ಕಮೋಡ್. ಪಂಪು ಒತ್ತಿದಾಗ ಕಡಲ ನೀರು ಒಳಬಂದು ಎಲ್ಲವನ್ನೂ ಒಂದು ಟ್ಯಾಂಕಿಗೆ ಒಯ್ಯುತ್ತದೆ. ಕೊಲ್ಲಿಯಲ್ಲೂ ಧಕ್ಕೆಯಲ್ಲೂ ಆ ಟ್ಯಾಂಕನ್ನು ತೆರೆಯುವಂತಿಲ್ಲ. ಕೊಳವೆ ತೀರಾ ಕಿರಿದು. ಆದ್ದರಿಂದ ಹೊಟ್ಟೆಯ ಮೂಲಕ ಹಾದು ಬಂದದ್ದನ್ನು ಬಿಟ್ಟು ಬೇರೆ ಏನೂ ಅದರೊಳಗೆ ಹೋಗಕೂಡದು, ಕಾಗದವೂ ಸಹ. ಕಾಗದ ಪಕ್ಕದ ಮುಚ್ಚಳದ ಬುಟ್ಟಿಗೆ. ಯುರೋಪಿನ ಸ್ನೇಹಿತರಿಗೆ ಇದು ದೊಡ್ಡ ಕಷ್ಟ. ನಮಗೆ ಕಷ್ಟವೇ ಅಲ್ಲ, ಏಕೆಂದರೆ ಅದೇ ಕೋಣೆಯಲ್ಲಿ ಉದ್ದ ಕೊಳವೆಯ ಕೈ ಶವರ್ ಇರುತ್ತದೆ. ದೋಣಿಯ ಮೇಲೆ ನಮ್ಮವರು ಹುಟ್ಟಿನಿಂದಲೇ ತರಬೇತಿ ಪಡೆದು ಬಂದಿರುವ ವಿಷಯ ಇದೊಂದೇ.

ಕಟ್ಟಿಕೊಂಡರೆ ಬಿಚ್ಚಿ ಸರಿಮಾಡುವುದು ಸ್ಕಿಪರ್ ಕೆಲಸ. ಎರಡನೆಯ ವರ್ಷ ನಾನು ಒಂದು ಇಡೀ ಮಧ್ಯಾಹ್ನ ಅದನ್ನು ಮಾಡಿದೆ. ಒದ್ದೆ ಟಿಶ್ಯೂ ಹಾಕಿದವರು ಯಾರೆಂದು ಈಗಲೂ ಯಾರೂ ಒಪ್ಪಿಕೊಂಡಿಲ್ಲ.

ಮುಟ್ಟಿನ ದಿನಗಳಲ್ಲಿ ಹೇಗೆ?

ನಮ್ಮ ಗೆಳತಿಯರು ಬರೆದುಕೊಟ್ಟ ಉತ್ತರ: ಬೇಕಾದ್ದನ್ನು ಮನೆಯಿಂದಲೇ ತನ್ನಿ, ಚಿಕ್ಕ ದ್ವೀಪದ ಅಂಗಡಿಯನ್ನು ನಂಬಬೇಡಿ. ಬಳಸಿದ್ದನ್ನು ಕಟ್ಟಿ ಮುಚ್ಚಳದ ಬುಟ್ಟಿಗೆ ಹಾಕಿ. ಮುಟ್ಟಿನ ಕಪ್ ಬಳಸಿ ಅಭ್ಯಾಸವಿರುವವರಿಗೆ ದೋಣಿಯಲ್ಲಿ ಅದೇ ಸಲೀಸು, ಆದರೆ ಮೊದಲ ಪ್ರಯೋಗಕ್ಕೆ ಕುಲುಕುವ ದೋಣಿ ತಕ್ಕ ಜಾಗವಲ್ಲ.

## ಒಗ್ಗಿದ ಮೇಲಿನ ದಿನಚರಿ

ನೀರು ಎಷ್ಟು ಇರುತ್ತದೆ? ದಿನಾ ಸ್ನಾನ ಉಂಟೇ?

ಇಂಥ ದೋಣಿಯ ಟ್ಯಾಂಕಿನಲ್ಲಿ 300ರಿಂದ 500 ಲೀಟರ್ ಹಿಡಿಯುತ್ತದೆ. ಕೇಳಲು ಬಹಳ ಎನಿಸುತ್ತದೆ. ಆರು ಜನ ಮನೆಯಂತೆ ನಲ್ಲಿ ಬಿಟ್ಟರೆ ಒಂದೇ ದಿನದಲ್ಲಿ ಮುಗಿಯುತ್ತದೆ, ನಮ್ಮ ಕ್ರಮದಲ್ಲಿ ನಾಲ್ಕು ದಿನ ಬರುತ್ತದೆ. ಮೊದಲು ಕಡಲಲ್ಲಿ ಮುಳುಗೇಳುವುದು, ದೋಣಿಯ ಹಿಂಬದಿಯ ಮೆಟ್ಟಿಲ ಮೇಲೆ ನಿಂತು ಒಂದೆರಡು ಚೊಂಬು ಸಿಹಿನೀರು ಸುರಿದುಕೊಳ್ಳುವುದು, ಇದು ಸ್ನಾನ. ತಲೆಸ್ನಾನ ಧಕ್ಕೆಯ ಊರಿನಲ್ಲಿ. ಪಾತ್ರೆಗಳನ್ನು ಕಡಲ ನೀರಿನಲ್ಲಿ ತಿಕ್ಕಿ, ಕೊನೆಗೆ ಸಿಹಿನೀರಿನಲ್ಲಿ ಜಾಲಿಸುತ್ತೇವೆ. ಕುಡಿಯುವ ನೀರು ಬೇರೆ, ಬಾಟಲಿಗಳಲ್ಲಿ. ಈಜದವರಿಗೆ ಬಕೆಟ್ ಇದೆ. ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಮಾತ್ರ ನಲ್ಲಿ ಬರುವ ಊರಿನಲ್ಲಿ ಬೆಳೆದವರು ಇದಕ್ಕೆಲ್ಲ ಹುಬ್ಬು ಕೂಡ ಏರಿಸುವುದಿಲ್ಲ, ನಮ್ಮ ಧಾರವಾಡದ ಗೆಳೆಯನೇ ನೀರಿನ ಮಂತ್ರಿ. ಟ್ಯಾಂಕಿನ ಮುಳ್ಳು ಎಲ್ಲಿದೆ ಎಂಬುದು ಅವನಿಗೆ ನಿದ್ದೆಯಲ್ಲೂ ಗೊತ್ತು.

ನಾವು ಸಸ್ಯಾಹಾರಿಗಳು. ಎರಡು ವಾರ ಬ್ರೆಡ್ಡು ತಿಂದು ಬದುಕಬೇಕೇ?

ಬೇಡ. ಅಡುಗೆ ಒಲೆ ತೊಟ್ಟಿಲಿನಂತೆ ತೂಗುಹಾಕಿರುತ್ತದೆ: ದೋಣಿ ವಾಲಿದರೂ ಪಾತ್ರೆ ನೇರ ನಿಲ್ಲುತ್ತದೆ. ಆದರೂ ತೆರೆದ ಪಾತ್ರೆಯಲ್ಲಿ ಸಾರು ಕುದಿಸುವ ಧೈರ್ಯವನ್ನು ಸಾಗುವಾಗ ಮಾಡಬೇಡಿ. ನಾನು ಮಾಡಿದೆ, ಒಂದು ದೊಡ್ಡ ದೋಣಿ ಎಬ್ಬಿಸಿದ ಅಲೆಗೆ ಅರ್ಧ ಸಾರು ನಕ್ಷೆಯ ಮೇಜಿಗೆ ಹಾರಿತು. ಇಂಗಿನ ವಾಸನೆ ವಾರ ಕಳೆದರೂ ಹೋಗಲಿಲ್ಲ. ಪ್ರೆಷರ್ ಕುಕ್ಕರ್ ದೋಣಿಗೆ ಹೇಳಿ ಮಾಡಿಸಿದ ಪಾತ್ರೆ, ಮುಚ್ಚಳ ಭದ್ರ, ಗ್ಯಾಸ್ ಉಳಿತಾಯ. ಬೆಳಗ್ಗೆ ಅವಲಕ್ಕಿ ಇಲ್ಲವೇ ಉಪ್ಪಿಟ್ಟು, ಮಧ್ಯಾಹ್ನ ಸಾಗುತ್ತಿರುವಾಗ ಟೊಮೆಟೊ, ಸೌತೆ, ಫೆಟಾ ಗಿಣ್ಣು, ರಾತ್ರಿ ಅನ್ನ ಮತ್ತು ತೊವ್ವೆ. ಗ್ರೀಸಿನ ಅಂಗಡಿಗಳಲ್ಲಿ ‘ಫಾವಾ’ ಎಂಬ ಹಳದಿ ಬೇಳೆ ಸಿಗುತ್ತದೆ. ಚೆನ್ನಾಗಿ ಕರಗುತ್ತದೆ, ಒಗ್ಗರಣೆಯನ್ನು ಮನಸಾರೆ ಒಪ್ಪಿಕೊಳ್ಳುತ್ತದೆ.

ನನ್ನ ಮಟ್ಟಿಗೆ ಸಮುದ್ರಯಾನದ ಅತ್ಯುತ್ತಮ ಆಹಾರ ಉತ್ತರ ಕರ್ನಾಟಕದ ಕಟಕ ಜೋಳದ ರೊಟ್ಟಿ. ವಾರಗಟ್ಟಲೆ ಕೆಡದು, ಬೇಯಿಸುವ ಕೆಲಸವಿಲ್ಲ, ಶೇಂಗಾ ಚಟ್ನಿಪುಡಿ ಮತ್ತು ಮೊಸರು ಇದ್ದರೆ ಊಟ ಮುಗಿಯಿತು, ಹೊಟ್ಟೆ ತೊಳಸುತ್ತಿರುವವರೂ ಮುರಿದು ಮುರಿದು ತಿನ್ನುತ್ತಾರೆ. ಗಾಳಿಯ ತೇವ ತಾಗದಂತೆ ಡಬ್ಬಿಯಲ್ಲಿಡಬೇಕು, ಅಷ್ಟೆ.

ಗ್ಯಾಸ್ ಬಗ್ಗೆ ಮಾತ್ರ ತಮಾಷೆ ಇಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲು ತೆರೆದು ಹೊರಗೆ ಬಿಡಬಹುದು, ದೋಣಿಯ ತಳವೋ ಬಟ್ಟಲಿದ್ದಂತೆ, ಅಲ್ಲಿ ಇಳಿದು ಕೂರುತ್ತದೆ. ಒಲೆ ಆರಿಸಿದ ಪ್ರತಿ ಬಾರಿಯೂ ಸಿಲಿಂಡರಿನ ಬಳಿಯ ಕವಾಟ ಮುಚ್ಚಿ, ಮುಚ್ಚಿದ್ದೇನೆ ಎಂದು ಗಟ್ಟಿಯಾಗಿ ಹೇಳಬೇಕು.

ಲ್ಯಾಪ್‌ಟಾಪ್ ತಂದು ಅಲ್ಲಿಂದಲೇ ಕೆಲಸ ಮಾಡಬಹುದೇ?

ಮಾಡಬಹುದು. ನಾನು ಬೇಡ ಎನ್ನುತ್ತೇನೆ. ಧಕ್ಕೆಯ ವಿದ್ಯುತ್ತಿಗೆ ಜೋಡಿಸಿದಾಗ ಮಾತ್ರ ಮನೆಯಂಥ 230 ವೋಲ್ಟ್ ಸಿಗುತ್ತದೆ, ಮಿಕ್ಕ ಹೊತ್ತು 12 ವೋಲ್ಟಿನ ಬ್ಯಾಟರಿ. ಅದರ ದೊಡ್ಡ ಪಾಲನ್ನು ಫ್ರಿಜ್ ನುಂಗುತ್ತದೆ. ಎಂಜಿನ್ ಓಡಿಸಿ ಬ್ಯಾಟರಿ ತುಂಬಿಸುವುದೂ ಉಂಟು, ಆದರೆ ಒಬ್ಬರ ಮೀಟಿಂಗಿಗಾಗಿ ಐವರು ಡೀಸೆಲ್ ಎಂಜಿನ್ನಿನ ಗುರುಗುರು ಕೇಳಬೇಕು.

ಖರ್ಚು ಹೇಗೆ ಹಂಚಿಕೊಳ್ಳುತ್ತೀರಿ?

ಬಾಡಿಗೆಯನ್ನು ಆರು ಪಾಲು ಮಾಡಿ ಮೊದಲೇ ಕಟ್ಟುತ್ತೇವೆ. ಮೊದಲ ದಿನ ಎಲ್ಲರೂ ಸಮಾನ ಮೊತ್ತವನ್ನು ಒಂದು ಡಬ್ಬಿಗೆ ಹಾಕುತ್ತೇವೆ. ಡೀಸೆಲ್, ಧಕ್ಕೆಯ ಶುಲ್ಕ, ನೀರು, ದಿನಸಿ ಎಲ್ಲ ಅದರಿಂದ. ದಡದ ಹೋಟೆಲಿನ ಊಟ ಮತ್ತು ಮದ್ಯ ಅವರವರ ಜೇಬಿನಿಂದ. ಕುಡಿಯದವರು ಕುಡಿಯುವವರ ಬಿಲ್ಲಿಗೆ ಪಾಲು ಕೊಟ್ಟ ಮೊದಲ ವರ್ಷ ಕಲಿತ ಪಾಠವಿದು. ದೋಣಿಯ ಠೇವಣಿಯನ್ನೂ ಆರು ಪಾಲು ಮಾಡಿ, ಪೆಟ್ಟಾದರೆ ಯಾರು ಚುಕ್ಕಾಣಿ ಹಿಡಿದಿದ್ದರು ಎಂದು ಕೇಳಬೇಡಿ.

ಅಷ್ಟು ಚಿಕ್ಕ ಜಾಗದಲ್ಲಿ ಎರಡು ವಾರ! ಜಗಳ ಆಗುವುದಿಲ್ಲವೇ?

ಆಗುತ್ತದೆ, ಸಾಮಾನ್ಯವಾಗಿ ಐದನೆಯ ದಿನ. ಇಪ್ಪತ್ತು ವರ್ಷದ ಗೆಳೆತನವೇ ಇರಲಿ, ಆ ಗೆಳೆಯ ಬೆಳಗ್ಗೆ ಐದೂವರೆಗೆ ಎದ್ದು ಸ್ಟೀಲ್ ಡಬ್ಬಿಗಳನ್ನು ಸದ್ದು ಮಾಡುತ್ತಾ ಕಾಫಿಪುಡಿ ಹುಡುಕುತ್ತಾನೆ ಎಂಬುದು ನಿಮಗೆ ಗೊತ್ತಿರಲಿಲ್ಲ. ದೊಡ್ಡ ವಿಷಯಗಳಿಗೆ ನಾವು ಎಂದೂ ಜಗಳವಾಡಿಲ್ಲ. ಒದ್ದೆ ಟವೆಲ್, ತೊಳೆಯದ ಲೋಟ, ಯಾರೋ ತಿಂದು ಮುಗಿಸಿದ ಕೊನೆಯ ಕೋಡುಬಳೆ, ಇವೇ ಕಾರಣಗಳು.

ಮೂರು ಏರ್ಪಾಡುಗಳು ನಮ್ಮನ್ನು ಉಳಿಸಿವೆ. ಮೊದಲನೆಯದು, ಅಡುಗೆ ಮತ್ತು ಪಾತ್ರೆಯ ಸರದಿ ಬರೆದು ಅಂಟಿಸಿರುತ್ತದೆ, ಸ್ಕಿಪರಿಗೂ ವಿನಾಯಿತಿ ಇಲ್ಲ. ಆ ಪಟ್ಟಿ ಇಲ್ಲದ ವರ್ಷ ಏನಾಯಿತೆಂದರೆ, ಯಾರೂ ಹೇಳದೆಯೇ ಹೆಂಗಸರೇ ಒಲೆಯ ಮುಂದೆ, ಗಂಡಸರೇ ಹಗ್ಗ ಹಿಡಿದು ಮೇಲೆ. ರಜೆ ಯಾರಿಗೆ ಎಂದು ಒಬ್ಬಳು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಎರಡನೆಯದು, ದೋಣಿ ಕಟ್ಟುವಾಗ, ಹಾಯಿ ಇಳಿಸುವಾಗ ಸ್ಕಿಪರ್ ಮಾತೇ ಕೊನೆಯ ಮಾತು, ಚರ್ಚೆ ಆಮೇಲೆ. ಎಲ್ಲಿಗೆ ಹೋಗಬೇಕು, ಏನು ತಿನ್ನಬೇಕು ಎಂಬಲ್ಲಿ ಸ್ಕಿಪರಿಗೂ ಒಂದೇ ಮತ. ಮೂರನೆಯದು, ದಿನಕ್ಕೊಂದು ಗಂಟೆ ಯಾರೂ ಯಾರ ಜೊತೆಗೂ ಮಾತಾಡಬೇಕಾಗಿಲ್ಲ. ಒಬ್ಬಳು ಡಿಂಗಿಯಲ್ಲಿ ಹುಟ್ಟು ಹಾಕುತ್ತಾ ಹೋಗುತ್ತಾಳೆ, ಒಬ್ಬ ಆಲಿವ್ ತೋಟದ ದಾರಿ ಹಿಡಿಯುತ್ತಾನೆ, ಇನ್ನೊಬ್ಬ ಮುಂತುದಿಯಲ್ಲಿ ಬೆನ್ನು ಮಾಡಿ ಕೂರುತ್ತಾನೆ. ಬೆನ್ನು ಮಾಡಿ ಕುಳಿತವರನ್ನು ‘ಏನಾಯಿತು, ಬೇಜಾರೇ?’ ಎಂದು ವಿಚಾರಿಸುವುದು ನಮ್ಮ ದೋಣಿಯಲ್ಲಿ ತಪ್ಪು. ಮನೆತುಂಬ ಜನರ ನಡುವೆ ಬೆಳೆದ ನಮಗೆ ಈ ಮೂರನೆಯದೇ ಕಷ್ಟವಾದದ್ದು.

## ಒಂದೆರಡು ಬಾರಿ ಬಂದವರು ಕೇಳುವುದು

ಧಕ್ಕೆಗೆ ಹಿಂದುಹಿಂದಾಗಿ ಕಟ್ಟುವಾಗ ಎಲ್ಲರೂ ಏಕೆ ಕಿರುಚುತ್ತಾರೆ?

ಅಲ್ಲಿ ಎಲ್ಲವೂ ಒಟ್ಟಿಗೆ ನಡೆಯಬೇಕು, ಮತ್ತು ದಡದ ಹೋಟೆಲಿನಲ್ಲಿ ಕುಳಿತವರೆಲ್ಲ ನೋಡುತ್ತಿರುತ್ತಾರೆ. ಧಕ್ಕೆಯಿಂದ ಮೂರು ನಾಲ್ಕು ದೋಣಿಯುದ್ದ ದೂರದಲ್ಲಿ ಲಂಗರು ಇಳಿಸಿ, ಸರಪಳಿ ಬಿಡುತ್ತಾ ಹಿಂದಕ್ಕೆ ಬರಬೇಕು. ಇಬ್ಬರು ಹಿಂಬದಿಯ ಹಗ್ಗ ಹಿಡಿದು ಸಿದ್ಧ, ಇಬ್ಬರು ಇಕ್ಕೆಲದಲ್ಲಿ ಫೆಂಡರ್, ಅಂದರೆ ಪೆಟ್ಟು ತಡೆಯುವ ಗಾಳಿದಿಂಬು, ಹಿಡಿದು ಸಿದ್ಧ. ಗಾಳಿ ಬರುವ ಕಡೆಯ ಹಗ್ಗ ಮೊದಲು ದಡಕ್ಕೆ. ಮುಂತುದಿಯಲ್ಲಿರುವವರಿಗೆ ಎಂಜಿನ್ ಸದ್ದಿನಲ್ಲಿ ನಿಮ್ಮ ಮಾತು ಕೇಳದು, ಆದ್ದರಿಂದ ಕೈಸನ್ನೆಗಳನ್ನು ಬೆಳಗ್ಗೆಯೇ ಒಪ್ಪಿಕೊಳ್ಳಿ. ಕಾಲು ಚಾಚಿ ದೋಣಿಯನ್ನು ತಡೆಯುವ ಸಾಹಸ ಬೇಡ. ಎಂಟು ಟನ್ನಿಗೆ ನಿಮ್ಮ ಕಾಲು ಲೆಕ್ಕಕ್ಕಿಲ್ಲ.

ಕೆಫಲೋನಿಯದ ಫಿಸ್ಕಾರ್ಡೊ 1953ರ ಭೂಕಂಪದಲ್ಲಿ ಉಳಿದುಕೊಂಡ ಚೆಂದದ ಹಳ್ಳಿ, ಆಗಸ್ಟಿನಲ್ಲಿ ದೋಣಿಗಳ ಜಾತ್ರೆ. ಅಲ್ಲಿ ಒಮ್ಮೆ ನನ್ನ ಸರಪಳಿಯನ್ನು ಪಕ್ಕದವರ ಸರಪಳಿಯ ಮೇಲೆ ಹಾಸಿಬಿಟ್ಟೆ. ಬೆಳಗ್ಗೆ ಅವರು ಹೊರಟಾಗ ನನ್ನ ಲಂಗರೂ ಅವರ ಜೊತೆ ಎದ್ದು ಬಂತು. ಸಿಕ್ಕಿದ ಸರಪಳಿಯ ಕೆಳಗೆ ಹಗ್ಗವೊಂದನ್ನು ತೂರಿಸಿ, ಎತ್ತಿ ಹಿಡಿದು, ಲಂಗರು ಕೆಳಗಿಳಿಸಿದರೆ ಬಿಡಿಸಿಕೊಳ್ಳುತ್ತದೆ. ಈ ಕಡಲಿನಲ್ಲಿ ಇದು ದಿನಬೆಳಗಾದರೆ ನಡೆಯುವ ಸಂಗತಿ, ನಗುತ್ತಾ ಕ್ಷಮೆ ಕೇಳಿದರೆ ಸಾಕು.

ನಾವು ಮಲಗಿದ್ದಾಗ ಲಂಗರು ಕಿತ್ತುಕೊಂಡರೆ?

ಈ ಭಯ ಇರುವುದು ಒಳ್ಳೆಯದು. ಆಳದ ಕನಿಷ್ಠ ನಾಲ್ಕು ಪಟ್ಟು ಸರಪಳಿ ಬಿಡಿ, ಗಾಳಿ ಇದ್ದರೆ ಇನ್ನೂ ಹೆಚ್ಚು. ನೀರಿನಡಿ ತಿಳಿಬಣ್ಣ ಕಂಡರೆ ಮರಳು, ಲಂಗರು ಹಿಡಿಯುತ್ತದೆ. ಕಪ್ಪಾಗಿ ಕಂಡರೆ ಪೊಸಿಡೋನಿಯ ಎಂಬ ಕಡಲಹುಲ್ಲು, ಲಂಗರು ಜಾರುತ್ತದೆ, ಹುಲ್ಲೂ ಹಾಳಾಗುತ್ತದೆ. ಇಳಿಸಿದ ಮೇಲೆ ಎಂಜಿನ್ನನ್ನು ಹಿಮ್ಮುಖವಾಗಿ ಓಡಿಸಿ ಎಳೆದು ನೋಡಿ. ಆಮೇಲೆ ಈಜುಗನ್ನಡಕ ಹಾಕಿ ನೀರಿಗಿಳಿದು ಲಂಗರನ್ನು ಕಣ್ಣಾರೆ ನೋಡಿ ಬರುತ್ತೇನೆ, ನೋಡದೆ ನನಗೆ ನಿದ್ದೆ ಬರುವುದಿಲ್ಲ. ಮೊಬೈಲಿನಲ್ಲಿ ಎಚ್ಚರಗಂಟೆ ಇಡುವ ಆಪ್‌ಗಳಿವೆ. ಗಾಳಿಯ ಮುನ್ಸೂಚನೆ ಕೆಟ್ಟದಾಗಿದ್ದರೆ ಸರದಿಯ ಮೇಲೆ ಒಬ್ಬೊಬ್ಬರು ಎಚ್ಚರವಿರುತ್ತೇವೆ.

ಬಿರುಗಾಳಿ ಬಂದರೆ?

ಬರುವ ಮೊದಲೇ ಒಳ್ಳೆಯ ಬಂದರು ಸೇರಿ ಕೂರುವುದು, ಒಂದು ದಿನ ಹಾಳಾದರೆ ಹಾಳಾಗಲಿ. ಗ್ರೀಸಿನ ಕಡಲ ಸಂಶೋಧನಾ ಕೇಂದ್ರದ ‘ಪೊಸೈಡನ್’ ಮುನ್ಸೂಚನೆಯನ್ನು ಬೆಳಗ್ಗೆ ಸಂಜೆ ನೋಡುತ್ತೇವೆ. ಬೇಸಿಗೆಯ ನಡುವೆ ಹೆದರಿಕೆ ಕಡಿಮೆ, ಸೆಪ್ಟೆಂಬರಿನಲ್ಲಿ ಗುಡುಗುಮಳೆ ಹೇಳದೆ ಕೇಳದೆ ಬರುತ್ತದೆ. 2020ರ ಸೆಪ್ಟೆಂಬರಿನಲ್ಲಿ ‘ಇಯಾನೋಸ್’ ಚಂಡಮಾರುತ ಇದೇ ಕೆಫಲೋನಿಯ, ಇಥಾಕಗಳ ದೋಣಿಗಳನ್ನು ದಡಕ್ಕೆ ಎಸೆದಿತ್ತು. ಸಾಗುತ್ತಿರುವಾಗ ಗಾಳಿ ಏರಿದರೆ ಹಾಯಿಯನ್ನು ಮಡಚಿ ಚಿಕ್ಕದು ಮಾಡಬೇಕು. ಮಡಚಬೇಕೇ ಎಂಬ ಅನುಮಾನ ಬಂದ ಕ್ಷಣವೇ ಮಡಚುವ ಹೊತ್ತು.

ಯಾರಾದರೂ ನೀರಿಗೆ ಬಿದ್ದರೆ?

ಬಿದ್ದವರನ್ನು ಕೈಚಾಚಿ ತೋರಿಸುತ್ತಾ ಒಬ್ಬರು ಕಣ್ಣು ಕೀಳದೆ ನಿಲ್ಲಬೇಕು, ಅವರಿಗೆ ಬೇರೆ ಕೆಲಸ ಕೊಡಬಾರದು. ಅಲೆಗಳ ನಡುವೆ ಒಂದು ತಲೆ ಎಷ್ಟು ಬೇಗ ಮರೆಯಾಗುತ್ತದೆ ಎಂಬುದನ್ನು ತೆಂಗಿನಕಾಯಿಯಷ್ಟು ದೊಡ್ಡ ಚೆಂಡನ್ನು ಎಸೆದು ನೋಡಿ ತಿಳಿದುಕೊಂಡೆವು. ತೇಲುವ ಬಳೆ ಎಸೆಯಿರಿ, ರೇಡಿಯೊ 16ನೇ ಚಾನೆಲ್ಲಿನಲ್ಲಿ ಸಹಾಯ ಕೇಳಿ, ಹತ್ತಿರ ಬಂದಾಗ ಎಂಜಿನ್ನಿನ ಗೇರ್ ಬಿಡಿಸಿ. ಪ್ರತಿ ಯಾತ್ರೆಯ ಎರಡನೆಯ ದಿನ ಅದೇ ಚೆಂಡಿನೊಂದಿಗೆ ಅಭ್ಯಾಸ ಮಾಡುತ್ತೇವೆ, ಚುಕ್ಕಾಣಿ ನನ್ನ ಕೈಯಲ್ಲಿ ಇರುವುದಿಲ್ಲ. ಬಿದ್ದವನು ಸ್ಕಿಪರೇ ಆಗಿದ್ದರೆ?

ಎರಡು ವಾರ ಸಾಲದು. ಆರು ತಿಂಗಳು ಹೀಗೇ ಬದುಕಬಹುದೇ?

ಬದುಕುವವರು ಇದ್ದಾರೆ. ಭಾರತದ ಪಾಸ್‌ಪೋರ್ಟಿನವರಿಗೆ ಮೊದಲ ತಡೆ ದಿನಗಳ ಲೆಕ್ಕ: ಷೆಂಗೆನ್ ವೀಸಾದಲ್ಲಿ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಿಗುವ ವೀಸಾ) ಯಾವುದೇ 180 ದಿನಗಳೊಳಗೆ 90 ದಿನ ಮಾತ್ರ ಇರಬಹುದು. ನೆದರ್ಲೆಂಡ್ಸಿನ ನಿವಾಸ ಪರವಾನಗಿ ಇರುವ ನನಗೂ ಗ್ರೀಸಿನಲ್ಲಿ ಅದೇ 90 ದಿನ. ಎರಡನೆಯದು ದುಡ್ಡು. ಬಾಡಿಗೆಯ ದೋಣಿಯಲ್ಲಿ ಆರು ತಿಂಗಳು ಕಳೆಯುವ ಲೆಕ್ಕ ಕೂಡುವುದೇ ಇಲ್ಲ, ಸ್ವಂತ ಹಳೆಯ ದೋಣಿ ಬೇಕು. ಆಗ ಚಳಿಗಾಲದಲ್ಲಿ ಅದನ್ನು ದಡಕ್ಕೆತ್ತಿ ಇಡುವ ಖರ್ಚು, ತಳ ಕೆರೆದು ಬಣ್ಣ ಬಳಿಯುವುದು, ಹಾಯಿ ಹೊಲಿಸುವುದು, ಕೆಟ್ಟ ಪಂಪು, ಇನ್ನೊಂದು ಕೆಟ್ಟ ಪಂಪು.

ಧಾರವಾಡದ ಗೆಳೆಯ ಈ ಪ್ರಶ್ನೆಯನ್ನು ಮೂರು ವರ್ಷದಿಂದ ಕೇಳುತ್ತಿದ್ದಾನೆ. ಹೋದ ಬಾರಿ ಪ್ರೆವೆಜ ಊರಿನ ಎದುರು, ದೋಣಿಗಳನ್ನು ದಡಕ್ಕೆತ್ತಿ ಇಡುವ ಅಂಗಳದಲ್ಲಿ ಮಾರಾಟಕ್ಕಿಟ್ಟಿದ್ದ 32 ಅಡಿಯ ಹಳೆಯ ದೋಣಿಯೊಂದರ ಏಣಿ ಹತ್ತಿ ಒಳಗೆ ಇಣುಕಿ ಬಂದೆವು. ಇಳಿದ ಮೇಲೆ ಅವನು ಕೇಳಿದ್ದು ಬೆಲೆಯನ್ನಲ್ಲ, ಟ್ಯಾಂಕಿನಲ್ಲಿ ನೀರು ಎಷ್ಟು ಹಿಡಿಯುತ್ತದೆ ಎಂದು.